ಲಿಮರಿಕ್‌ಗೆ ಹೊಸದಾಗಿ ಬಂದವರಿಗೆ: ಥೋಮಂಡ್ ಪಾರ್ಕ್ ಪರಿಚಯ

ಐರ್ಲೆಂಡಿನ ಲಿಮರಿಕ್‌ಗೆ ಬಂದಿಳಿದವರಿಗೆ ಪಿಪಿಎಸ್ ನಂಬರು (ಇಲ್ಲಿನ ಸರ್ಕಾರಿ ಗುರುತಿನ ಸಂಖ್ಯೆ), ಬಾಡಿಗೆ ಮನೆ, ಬ್ಯಾಂಕ್ ಖಾತೆಗಳ ಬಗ್ಗೆ ಹೇಳಿಕೊಡಲು ನಮ್ಮವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟಿರುವುದು ಒಂದು ರಗ್ಬಿ ಮೈದಾನದ ಬಗ್ಗೆ. ಆಸ್ಪತ್ರೆಯ ವಾರ್ಡಿನಲ್ಲಾಗಲಿ, ರಹೀನ್ ಕಡೆಯ ಕಂಪನಿಗಳಲ್ಲಾಗಲಿ, ವಾರಾಂತ್ಯದಲ್ಲಿ ಪಂದ್ಯವಿದ್ದರೆ ಸೋಮವಾರದ ಮಾತು ಶುರುವಾಗುವುದು ಅಲ್ಲಿಂದಲೇ. ಆ ಮಾತಿನಲ್ಲಿ ನೀವೂ ಸೇರಿಕೊಳ್ಳಬೇಕು ಎಂಬುದು ನನ್ನ ಆಸೆ.

ಐರ್ಲೆಂಡಿನ ನಾಲ್ಕು ಪ್ರಾಂತ್ಯಗಳಿಗೂ ಒಂದೊಂದು ರಗ್ಬಿ ತಂಡವಿದೆ. ನಮ್ಮದು ಮನ್‌ಸ್ಟರ್, ಕೆಂಪು ಬಣ್ಣ. ಕಾರ್ಕ್‌ನಲ್ಲೂ ಒಂದು ಮೈದಾನವಿದ್ದರೂ ದೊಡ್ಡ ಪಂದ್ಯಗಳು ಹೆಚ್ಚಾಗಿ ನಡೆಯುವುದು ಥೋಮಂಡ್ ಪಾರ್ಕ್‌ನಲ್ಲಿ. ಡಬ್ಲಿನ್‌ನಲ್ಲಿ ರಗ್ಬಿ ಎಂದರೆ ದುಬಾರಿ ಶುಲ್ಕದ ಖಾಸಗಿ ಶಾಲೆಗಳ ಆಟ ಎಂಬ ಹೆಸರಿದೆ. ಲಿಮರಿಕ್‌ನಲ್ಲಿ ಹಾಗಿಲ್ಲ. ಗ್ಯಾರಿಓವನ್, ಶ್ಯಾನನ್, ಯಂಗ್ ಮನ್‌ಸ್ಟರ್‌ನಂಥ ಹಳೆಯ ಕ್ಲಬ್ಬುಗಳು ಇಲ್ಲಿನ ಕೇರಿಗಳಲ್ಲೇ ಹುಟ್ಟಿ ಬೆಳೆದವು. ಬಂದರಿನಲ್ಲಿ ಮೂಟೆ ಹೊತ್ತವರೂ ಡಾಕ್ಟರುಗಳೂ ಒಂದೇ ತಂಡದಲ್ಲಿ ಆಡಿದ್ದಾರೆ. ಹೊರಗಿನಿಂದ ಬಂದ ನಮಗೆ ಈ ಮೈದಾನದ ಬಾಗಿಲು ಇಷ್ಟು ಸಲೀಸಾಗಿ ತೆರೆಯುವುದಕ್ಕೆ ಇದೇ ಕಾರಣವೆಂದು ನಾನು ನಂಬಿದ್ದೇನೆ.

ಮೈದಾನ ಶುರುವಾದದ್ದು 1934ರಲ್ಲಿ. ಆದರೆ ಊರಿನವರು ಮೊದಲು ಹೇಳುವ ತಾರೀಖು 1978ರ ಅಕ್ಟೋಬರ್ 31. ಅಂದು ಮನ್‌ಸ್ಟರ್ ತಂಡ ನ್ಯೂಜಿಲೆಂಡಿನ ರಾಷ್ಟ್ರೀಯ ತಂಡವಾದ ಆಲ್ ಬ್ಲ್ಯಾಕ್ಸ್ ಅನ್ನು 12–0ರಿಂದ ಸೋಲಿಸಿತು. ಕ್ರಿಸ್ಟಿ ಕ್ಯಾಂಟಿಲನ್ ಒಂದು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಗಳಿಸಿದರು, ಉಳಿದ ಅಂಕಗಳೆಲ್ಲ ಟೋನಿ ವಾರ್ಡ್ ಅವರ ಕಾಲಿನಿಂದ ಬಂದವು. ಆ ಪ್ರವಾಸದಲ್ಲಿ ಆಲ್ ಬ್ಲ್ಯಾಕ್ಸ್ ಐರ್ಲೆಂಡ್, ವೇಲ್ಸ್, ಇಂಗ್ಲೆಂಡ್, ಸ್ಕಾಟ್ಲೆಂಡ್ ನಾಲ್ಕನ್ನೂ ಗೆದ್ದು ಹೋದರು. ಸೋತದ್ದು ಇಲ್ಲಿ ಮಾತ್ರ. ಐರ್ಲೆಂಡ್ ರಾಷ್ಟ್ರೀಯ ತಂಡಕ್ಕೆ ಅವರನ್ನು ಮಣಿಸಲು 2016ರವರೆಗೆ ಕಾಯಬೇಕಾಯಿತು. ಗೆಲುವಿನ ಜೊತೆಗೆ ಒಂದು ದುಃಖವೂ ಸೇರಿಕೊಂಡಿದೆ. ನಾಯಕ ಡೊನಲ್ ಕ್ಯಾನಿಫ್ ಅವರ ತಂದೆ ಕಾರ್ಕ್‌ನಲ್ಲಿ ರೇಡಿಯೊದಲ್ಲಿ ಪಂದ್ಯ ಕೇಳುತ್ತಿರುವಾಗಲೇ ಕುಸಿದು ತೀರಿಕೊಂಡರು. ಹಿರಿಯರು ಈ ಕಥೆ ಹೇಳಲು ಕೂತರೆ ಅವಸರಪಡಿಸಬೇಡಿ, ಪೂರ್ತಿ ಕೇಳಿ.

ಇನ್ನೊಂದು 2003ರ ಜನವರಿಯದು. ಯುರೋಪಿನ ಕ್ಲಬ್ ತಂಡಗಳ ಪಂದ್ಯಾವಳಿಯಾದ ಯುರೋಪಿಯನ್ ಕಪ್‌ನಲ್ಲಿ ಉಳಿಯಲು ಮನ್‌ಸ್ಟರ್ ತಂಡ ಇಂಗ್ಲೆಂಡಿನ ಗ್ಲಾಸ್ಟರ್ ವಿರುದ್ಧ ನಾಲ್ಕು ಟ್ರೈ ಗಳಿಸಿ, 27 ಅಂಕಗಳ ಅಂತರದಿಂದ ಗೆಲ್ಲಬೇಕಿತ್ತು. ಕೊನೆಯ ಗಳಿಗೆಯಲ್ಲಿ ಜಾನ್ ಕೆಲ್ಲಿ ನಾಲ್ಕನೇ ಟ್ರೈ ಗಳಿಸಿದರು, ರೋನನ್ ಓ'ಗಾರಾ ಕನ್ವರ್ಷನ್ (ಟ್ರೈ ಬಳಿಕ ಕಂಬಗಳ ನಡುವೆ ಒದೆಯುವ ಒದೆತ) ಒದ್ದರು, 33–6. ಸರಿಯಾಗಿ 27! ಆ ಕಪ್‌ನ ಪಂದ್ಯಗಳಲ್ಲಿ 1995ರಿಂದ 2007ರ ಜನವರಿಯವರೆಗೆ ಈ ಮೈದಾನದಲ್ಲಿ ಮನ್‌ಸ್ಟರ್ ಸೋತೇ ಇರಲಿಲ್ಲ. 2006 ಮತ್ತು 2008ರಲ್ಲಿ ಕಪ್ಪನ್ನೂ ಗೆದ್ದು ತಂದರು.

ನೀವೀಗ ನೋಡುವ ಎರಡು ಎತ್ತರದ ಸ್ಟ್ಯಾಂಡುಗಳು 2008ರಲ್ಲಿ ಮುಗಿದವು. ಈಗ ಸುಮಾರು 25,600 ಜನ ಹಿಡಿಸುತ್ತಾರೆ. ಹೊಸ ಮೈದಾನದ ಉದ್ಘಾಟನೆಗೆ ಮತ್ತೆ ಆಲ್ ಬ್ಲ್ಯಾಕ್ಸ್ ಬಂದರು. ಮನ್‌ಸ್ಟರ್‌ನಲ್ಲಿದ್ದ ನಾಲ್ವರು ನ್ಯೂಜಿಲೆಂಡ್ ಆಟಗಾರರು ತಮ್ಮ ದೇಶದ ತಂಡಕ್ಕೇ ಎದುರು ನಿಂತು ಪಂದ್ಯಕ್ಕೆ ಮುಂಚಿನ ಮಾವೋರಿ ಕುಣಿತವಾದ ಹಾಕಾ ಕುಣಿದರು. ಪಂದ್ಯ 16–18ರಿಂದ ಕೈತಪ್ಪಿತು. 2016ರ ಅಕ್ಟೋಬರ್‌ನಲ್ಲಿ ಕೋಚ್ ಆಂಟನಿ ಫೋಲಿ ಪ್ಯಾರಿಸ್‌ನಲ್ಲಿ ಹಠಾತ್ತನೆ ತೀರಿಕೊಂಡರು. ಮುಂದಿನ ಪಂದ್ಯದಲ್ಲಿ ಆಟಗಾರರಾಗಿದ್ದಾಗ ಅವರು ತೊಡುತ್ತಿದ್ದ 8ನೇ ನಂಬರಿನ ಜೆರ್ಸಿಯನ್ನು ಯಾರೂ ತೊಡಲಿಲ್ಲ. ಫೋಲಿ ಹೆಸರನ್ನು ಇಲ್ಲಿ ಗೌರವದಿಂದಲೇ ಎತ್ತಬೇಕು.

ಆಟ ಅರ್ಥವಾಗುತ್ತದೋ ಇಲ್ಲವೋ ಎಂಬ ಅಂಜಿಕೆ ಬೇಡ. ತಂಡಕ್ಕೆ 15 ಜನ, 40 ನಿಮಿಷದ ಎರಡು ಅವಧಿ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಟ್ರೈ, 5 ಅಂಕ. ಬಳಿಕ ಕಂಬಗಳ ನಡುವೆ ಒದ್ದರೆ ಇನ್ನು 2. ಪೆನಾಲ್ಟಿ ಒದೆತಕ್ಕೆ 3. ಕಬಡ್ಡಿಯಲ್ಲಿ ರೇಡರ್‌ನನ್ನು ಹಿಡಿದು ಕೆಡವುವುದನ್ನು ನೋಡಿ ಬೆಳೆದವರಿಗೆ ಟ್ಯಾಕಲ್ ಬೇಗ ಹಿಡಿಸುತ್ತದೆ.

ಒಂದು ಪದ್ಧತಿಯನ್ನು ಮಾತ್ರ ಮರೆಯಬೇಡಿ. ಕಂಬಗಳತ್ತ ಒದೆಯಲು ಆಟಗಾರ ನಿಂತಾಗ ಇಡೀ ಮೈದಾನ ಮೌನವಾಗುತ್ತದೆ, ಎದುರಾಳಿ ಒದೆಯುವಾಗಲೂ ಅಷ್ಟೇ. ಆಗ ಫೋನಿನಲ್ಲಿ ಮಾತಾಡಿದರೆ ಸುತ್ತಲಿನವರಿಗೆ ನಿಜವಾಗಿಯೂ ಬೇಸರವಾಗುತ್ತದೆ. ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ.

ಕೋಲ್ಬರ್ಟ್ ಸ್ಟೇಷನ್‌ನಿಂದ ಮುಕ್ಕಾಲು ಗಂಟೆಯ ನಡಿಗೆ. ಕಿಂಗ್ ಜಾನ್ಸ್ ಕೋಟೆಯ ಪಕ್ಕದ ಥೋಮಂಡ್ ಸೇತುವೆಯಲ್ಲಿ ಶ್ಯಾನನ್ ನದಿ ದಾಟಿ ಹೋಗಿ. ಕೆಂಪು ಜೆರ್ಸಿಗಳ ಸಾಲೇ ದಾರಿ ತೋರಿಸುತ್ತದೆ. ಕಾರು ತಂದರೆ ಅಕ್ಕಪಕ್ಕದ ಮನೆಗಳ ಗೇಟಿನ ಮುಂದೆ ನಿಲ್ಲಿಸಬೇಡಿ, ಅವರು ವರ್ಷವಿಡೀ ಈ ಗದ್ದಲ ಸಹಿಸಿಕೊಂಡವರು. ಎರಡು ತುದಿಗಳ ಟೆರೇಸಿನಲ್ಲಿ, ಅಂದರೆ ಸೀಟಿಲ್ಲದ ಮೆಟ್ಟಿಲುಗಳಲ್ಲಿ, ನಿಂತು ನೋಡಬೇಕು, ಟಿಕೆಟ್ ಅಗ್ಗ, ತಲೆಯ ಮೇಲೆ ಸೂರಿಲ್ಲ. ಸಣ್ಣ ಮಕ್ಕಳಿದ್ದರೆ ಸ್ಟ್ಯಾಂಡಿನಲ್ಲಿ ಸೀಟು ತೆಗೆದುಕೊಳ್ಳಿ. ಛತ್ರಿ ಬಿಡಿಸಿದರೆ ಹಿಂದಿನವರಿಗೆ ಏನೂ ಕಾಣದು. ಟೋಪಿಯಿರುವ ಮಳೆಕೋಟೇ ಸರಿ. ಸಸ್ಯಾಹಾರಿಗಳು ಮನೆಯಲ್ಲೇ ಊಟ ಮುಗಿಸಿ ಹೊರಡುವುದು ಒಳ್ಳೆಯದು.

ಮೊದಲ ಪಂದ್ಯಕ್ಕೆ ಡಬ್ಲಿನ್ ಕಡೆಯ ಪ್ರಾಂತ್ಯದ ತಂಡವಾದ ಲೀನ್‌ಸ್ಟರ್ ಎದುರಿನದನ್ನು ಆರಿಸಬೇಡಿ, ಟಿಕೆಟ್ ಸಿಗುವುದೇ ಕಷ್ಟ. ಸೆಪ್ಟೆಂಬರ್, ಅಕ್ಟೋಬರ್‌ನ ಲೀಗ್ ಪಂದ್ಯವೊಂದನ್ನು ನೋಡಿಕೊಳ್ಳಿ. ಒಬ್ಬರೇ ಹೋಗುವ ಬದಲು ಕೆಲಸದಲ್ಲಿ ಜೊತೆಗಿರುವ ಇಲ್ಲಿನವರೊಬ್ಬರನ್ನು ಕೇಳಿ: "ನಾನೂ ಬರಬಹುದಾ?" ಬೇಡ ಎಂದ ಲಿಮರಿಕ್‌ನವರನ್ನು ನಾನಿನ್ನೂ ಕಂಡಿಲ್ಲ.