ರೇಷನ್ ನಿಂತ ತಿಂಗಳು ಒಲೆ ಆರದಂತೆ ನೋಡಿಕೊಳ್ಳುವುದು ಹೇಗೆ

ಸೊಸೈಟಿಯಲ್ಲಿ 'ಈ ತಿಂಗಳು ನಿಮ್ಮದು ಬಂದಿಲ್ಲ' ಎಂದ ಕೂಡಲೇ ಬಹಳ ಮಂದಿ ಚೀಲ ಮಡಚಿಕೊಂಡು ಮನೆಗೆ ಬಂದು ಮುಂದಿನ ತಿಂಗಳಿಗೆ ಕಾಯುತ್ತಾರೆ. ದಯವಿಟ್ಟು ಕಾಯಬೇಡಿ. ಕಾರ್ಡ್ ಸರಿಪಡಿಸಿಕೊಳ್ಳುವುದು ಒಂದು ಕೆಲಸ, ಅಲ್ಲಿಯವರೆಗೆ ಮನೆಮಂದಿಯ ಊಟಕ್ಕೆ ದಾರಿ ಮಾಡುವುದು ಇನ್ನೊಂದು ಕೆಲಸ. ಎರಡನ್ನೂ ಅದೇ ದಿನ ಶುರು ಮಾಡಬೇಕು. ಮೊದಲನೆಯದಕ್ಕೆ ವಾರಗಟ್ಟಲೆ ಹಿಡಿಯಬಹುದು. ಎರಡನೆಯದು ಇವತ್ತು ರಾತ್ರಿಗೇ ಬೇಕು.

ಅಂಗಡಿಯಿಂದ ಹೊರಡುವ ಮುಂಚೆ ಕಾರಣ ಕೇಳಿ. 'ಬಂದಿಲ್ಲ' ಎಂಬ ಒಂದೇ ಮಾತಿಗೆ ನಾಲ್ಕು ಅರ್ಥ ಇರಬಹುದು: ದಾಸ್ತಾನು ಬಂದಿಲ್ಲ, ಹೆಬ್ಬೆಟ್ಟು ಹೊಂದುತ್ತಿಲ್ಲ, ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಚಿತಪಡಿಸುವುದು) ಆಗಿಲ್ಲ, ಇಲ್ಲವೇ ಬಿಪಿಎಲ್ ಕಾರ್ಡೇ ರದ್ದಾಗಿದೆ. ಒಂದೊಂದಕ್ಕೂ ಮದ್ದು ಬೇರೆ.

ದಾಸ್ತಾನಿನ ತೊಂದರೆಯಾದರೆ ಪಕ್ಕದ ಬೀದಿಯ ಅಥವಾ ಪಕ್ಕದೂರಿನ ನ್ಯಾಯಬೆಲೆ ಅಂಗಡಿಗೆ ಹೋಗಿ. ಇಂಥದ್ದೇ ಅಂಗಡಿಯಲ್ಲಿ ತೆಗೆದುಕೊಳ್ಳಬೇಕೆಂಬ ಕಟ್ಟುಪಾಡು ಈಗ ಇಲ್ಲ. ಕೆಲಸಕ್ಕೆಂದು ಬೇರೆ ರಾಜ್ಯಕ್ಕೆ ಹೋದವರಿಗೂ 'ಒಂದು ದೇಶ ಒಂದು ಪಡಿತರ ಚೀಟಿ' ವ್ಯವಸ್ಥೆಯಲ್ಲಿ ಅಲ್ಲೇ ಕೇಂದ್ರದ ಪಾಲಿನ ಧಾನ್ಯ ಸಿಗುತ್ತದೆ. ತಿಂಗಳ ಕೊನೆಯ ದಿನದವರೆಗೆ ಎಳೆಯಬೇಡಿ, ಆಗ ಸರ್ವರ್ ಕೈಕೊಡುವುದೇ ಹೆಚ್ಚು.

ಹೆಬ್ಬೆಟ್ಟಿನ ತಕರಾರು ಗಾರೆ ಕೆಲಸದವರಿಗೆ, ಪಾತ್ರೆ ತೊಳೆಯುವವರಿಗೆ, ವಯಸ್ಸಾದವರಿಗೆ ಜಾಸ್ತಿ. ಬೆರಳಿನ ಗೆರೆ ಸವೆದಿರುತ್ತದೆ. ಸೋಪು ಹಾಕಿ ಬೆಚ್ಚಗಿನ ನೀರಲ್ಲಿ ಕೈ ತೊಳೆದು ಚೆನ್ನಾಗಿ ಒರೆಸಿ. ಮೆಷಿನ್ನಿನ ಗಾಜನ್ನೂ ಒಣ ಬಟ್ಟೆಯಲ್ಲಿ ಒರೆಸಲು ಹೇಳಿ, ಹಿಂದಿನವರ ಬೆವರೇ ಎಷ್ಟೋ ಸಲ ಅಡ್ಡ ಬರುತ್ತದೆ. ಬೆರಳ ತುದಿ ಊರದೆ, ಮೊದಲ ಗೆಣ್ಣಿನವರೆಗಿನ ಭಾಗವನ್ನು ಚಪ್ಪಟೆಯಾಗಿ ಇಡಿ. ಗಟ್ಟಿಯಾಗಿ ಒತ್ತಿದರೆ ಗೆರೆಗೆ ಗೆರೆ ಕೂಡಿಕೊಂಡು ಗುರುತೇ ಸಿಗುವುದಿಲ್ಲ. ಹೆಬ್ಬೆಟ್ಟೇ ಆಗಬೇಕೆಂದಿಲ್ಲ, ಹತ್ತರಲ್ಲಿ ಯಾವ ಬೆರಳಾದರೂ ನಡೆಯುತ್ತದೆ. ಕಾರ್ಡಿನಲ್ಲಿ ಹೆಸರಿರುವ ಬೇರೊಬ್ಬರೂ ಬರಬಹುದು. ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಬರಿಗೈಯಲ್ಲಿ ವಾಪಸ್ ಬರಬೇಕಿಲ್ಲ. ಆಧಾರ್ ಇಲ್ಲವೆಂದೋ ಬೆರಳು ಹೊಂದಲಿಲ್ಲವೆಂದೋ ಅರ್ಹರಿಗೆ ಧಾನ್ಯ ನಿರಾಕರಿಸಬಾರದು ಎಂದು ಕೇಂದ್ರ ಸರ್ಕಾರ 2017ರ ಅಕ್ಟೋಬರ್ 24ರಂದೇ ರಾಜ್ಯಗಳಿಗೆ ಸೂಚಿಸಿದೆ. ಅದನ್ನು ಹೇಳಿ, ತಾಲ್ಲೂಕಿನ ಆಹಾರ ನಿರೀಕ್ಷಕರಲ್ಲಿ ವಿನಾಯಿತಿ ಕೇಳಿ.

ಇ-ಕೆವೈಸಿ ವಿಷಯದಲ್ಲಿ ಜನ ಎಡವುವುದು ಎಣಿಕೆಯಲ್ಲಿ. ಮನೆಯ ಯಜಮಾನಿ ಒಬ್ಬರು ಮಾಡಿಸಿದರೆ ಮುಗಿಯಲಿಲ್ಲ. ಕಾರ್ಡಿನಲ್ಲಿರುವ ಪ್ರತಿಯೊಬ್ಬರದೂ ಆಗಬೇಕು, ಬಾಕಿ ಉಳಿದವರ ಪಾಲು ಮಾತ್ರ ನಿಲ್ಲಬಹುದು. ಐದು ವರ್ಷದೊಳಗೆ ಆಧಾರ್ ಮಾಡಿಸಿದ ಮಕ್ಕಳ ಬೆರಳಚ್ಚು ದಾಖಲಾಗಿರುವುದಿಲ್ಲ. ಐದು ತುಂಬಿದ ಮೇಲೆ ಆಧಾರ್ ಕೇಂದ್ರದಲ್ಲಿ ಕೊಡಿಸಿ.

ಕಾರ್ಡ್ ರದ್ದಾಗಿದ್ದರೆ ಅಥವಾ ಎಪಿಎಲ್ ಆಗಿದ್ದರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಹೋಗಿ. ಬಾಯಿಮಾತು ಬೇಡ, ಅರ್ಜಿ ಬರೆಯಿರಿ: ಕಾರ್ಡ್ ಸಂಖ್ಯೆ, ಅಂಗಡಿ ಸಂಖ್ಯೆ, ಯಾವ ತಿಂಗಳಿಂದ ನಿಂತಿದೆ, ಎಷ್ಟು ಜನ, ರದ್ದತಿಯ ಕಾರಣವನ್ನು ಲಿಖಿತವಾಗಿ ಕೊಡಿ ಎಂಬ ಒಂದು ಸಾಲು. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಸೀಲಿಲ್ಲದ ಅರ್ಜಿಯನ್ನು ಕೊಟ್ಟೇ ಇಲ್ಲ ಎಂದರೂ ಕೇಳುವವರಿಲ್ಲ. ಹೋದ ಕಾರ್ಡ್ ಮರಳುವುದಿಲ್ಲ ಎಂದುಕೊಳ್ಳಬೇಡಿ. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಹಾಗೆ ಬದಲಾದ ಕಾರ್ಡುಗಳನ್ನು, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರದ್ದನ್ನು ಬಿಟ್ಟು, ಹಿಂದಿರುಗಿಸಲು ಸರ್ಕಾರವೇ ಆದೇಶಿಸಿತ್ತು.

ಜೊತೆಗೇ ಪಡಿತರ ದೂರಿನ ಸಹಾಯವಾಣಿ 1967ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿ, ಆಮೇಲೆ ರಾಜ್ಯ ಆಹಾರ ಆಯೋಗ. 2013ರ ಆಹಾರ ಭದ್ರತಾ ಕಾಯ್ದೆಯ 8ನೇ ಕಲಂ ಪ್ರಕಾರ, ಅರ್ಹರಿಗೆ ಧಾನ್ಯ ಕೊಡದಿದ್ದರೆ ಬದಲಿಗೆ ಆಹಾರ ಭದ್ರತಾ ಭತ್ಯೆ ಕೊಡಬೇಕು. ಇದನ್ನು ಕೇಳುವವರೇ ಕಡಿಮೆ. ಅರ್ಜಿಯಲ್ಲಿ ಬರೆಯಿರಿ.

ಇನ್ನು ಊಟದ ದಾರಿ. ಮಕ್ಕಳಿಂದ ಶುರು ಮಾಡಿ, ಏಕೆಂದರೆ ಅವರ ಊಟಕ್ಕೆ ರೇಷನ್ ಕಾರ್ಡೇ ಬೇಕಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೇ ತರಗತಿವರೆಗೆ ಮಧ್ಯಾಹ್ನದ ಬಿಸಿಯೂಟ ಇದೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿಯಲ್ಲಿ ಊಟ, ಆರು ತಿಂಗಳಿಂದ ಮೂರು ವರ್ಷದ ಕೂಸುಗಳಿಗೆ ಮನೆಗೆ ಒಯ್ಯುವ ಪೌಷ್ಟಿಕ ಆಹಾರ. ಬಸುರಿ, ಬಾಣಂತಿಯರಿಗೂ ಅಲ್ಲಿ ಆಹಾರದ ಹಕ್ಕಿದೆ, ಹೆಸರು ನೋಂದಾಯಿಸಬೇಕು ಅಷ್ಟೆ. ರಜೆ ಬಂದರೆ ಈ ದಾರಿ ಮುಚ್ಚಬಹುದು, ಮೊದಲೇ ಕೇಳಿಟ್ಟುಕೊಳ್ಳಿ.

ದೊಡ್ಡವರಿಗೆ, ಪೇಟೆಯಲ್ಲಿದ್ದರೆ, ಇಂದಿರಾ ಕ್ಯಾಂಟೀನ್. ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಮೂರು ಹೊತ್ತೂ ತಿಂದರೆ ಒಬ್ಬರಿಗೆ ದಿನಕ್ಕೆ 25. ಅಷ್ಟಿಲ್ಲದಿದ್ದರೆ ಮಧ್ಯಾಹ್ನದ ಊಟ ಅಲ್ಲಿ ಮಾಡಿ, ಮನೆಯ ಅಕ್ಕಿಯನ್ನು ರಾತ್ರಿಗೆ ಉಳಿಸಿ. ತಟ್ಟೆಗಳಿಗೆ ಮಿತಿ ಇರುತ್ತದೆ, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ.

ದಾಸೋಹವಿರುವ ಮಠ, ಅನ್ನಸಂತರ್ಪಣೆಯ ದೇವಸ್ಥಾನ, ಗುರುದ್ವಾರದ ಲಂಗರ್ ಹತ್ತಿರವಿದ್ದರೆ ಸಂಕೋಚ ಬೇಡ. ತುಮಕೂರಿನ ಸಿದ್ಧಗಂಗೆಯಲ್ಲಾಗಲಿ ಬೀದರಿನ ನಾನಕ್ ಝೀರಾದಲ್ಲಾಗಲಿ ಪಂಕ್ತಿಯಲ್ಲಿ ಕೂತವರ ಜಾತಿ, ಕಾರ್ಡ್ ಯಾರೂ ಕೇಳುವುದಿಲ್ಲ. ಬೇಳೆ, ಅಕ್ಕಿಯ ಕಿಟ್ ಕೊಡುವವರು ನಿಮ್ಮ ವಾರ್ಡಿನಲ್ಲಿ ಯಾರೆಂದು ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ ಗೊತ್ತಿರುತ್ತದೆ. 'ಒಂದು ವಾರಕ್ಕೆ ನಾಲ್ಕು ಜನಕ್ಕೆ ಹತ್ತು ಕೆಜಿ ಅಕ್ಕಿ, ಎರಡು ಕೆಜಿ ಬೇಳೆ' ಎಂದು ಲೆಕ್ಕ ಹೇಳಿ ಕೇಳಿದರೆ ಕೊಡುವವರಿಗೂ ಸುಲಭ.

ಕಾರ್ಡ್ ಅಡವಿಡಬೇಡಿ. 'ಮಾಡಿಸಿಕೊಡ್ತೀನಿ' ಎನ್ನುವ ಮಧ್ಯವರ್ತಿಗೆ ಆಧಾರ್ ಒಟಿಪಿ ಹೇಳಬೇಡಿ.

ರೇಷನ್ ಮತ್ತೆ ಶುರುವಾದ ದಿನ ಮೆಷಿನ್ನಿನ ಚೀಟಿ ಕೇಳಿ ಪಡೆಯಿರಿ. ಬಿಪಿಎಲ್‌ನವರಿಗೆ ಕೇಂದ್ರದ ಪಾಲು ಒಬ್ಬರಿಗೆ 5 ಕೆಜಿ, ಕಡುಬಡವರ ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕೆಜಿ, ರಾಜ್ಯದ ಪಾಲು ಅದರ ಮೇಲೆ. ಚೀಟಿಯಲ್ಲಿ ಒಬ್ಬರ ಲೆಕ್ಕ ಕಡಿಮೆ ಕಂಡರೆ ಅವರ ಇ-ಕೆವೈಸಿ ಇನ್ನೂ ಬಾಕಿಯಿದೆಯೇ ಎಂದು ಅಲ್ಲೇ ನೋಡಿಸಿ.