ದೊನ್ನೆ ಗಿಡದ ಬೀಜ ಗೆಳತಿಗೆ ಕೊಡಲಿಲ್ಲ

ನಮ್ಮ ಮನೆ ಇರುವುದು ಷಿಕಾಗೋದ ಪಶ್ಚಿಮಕ್ಕೆ, ಇಲಿನಾಯ್ ರಾಜ್ಯದಲ್ಲಿ. ಒಂದು ಕಾಲಕ್ಕೆ ಇಲ್ಲಿ ಸುಮಾರು 2.2 ಕೋಟಿ ಎಕರೆ ಪ್ರೇರಿ ಹುಲ್ಲುಗಾವಲಿತ್ತು. ಅದರಲ್ಲಿ ಈಗ ನೂರಕ್ಕೆ ಒಂದು ಪಾಲೂ ಉಳಿದಿಲ್ಲ. ಹೆಚ್ಚಿನದೆಲ್ಲ ಮೆಕ್ಕೆಜೋಳ, ಸೋಯಾ ಹೊಲವಾಯಿತು. ನಮ್ಮ ಹಿತ್ತಲಲ್ಲಾದರೂ ಈ ಮಣ್ಣಿನದೇ ಹೂವು ಅರಳಲಿ ಅಂತ ನಾನು ಕಪ್ ಪ್ಲಾಂಟ್ ಹಾಕಿದೆ. ಸಸ್ಯಶಾಸ್ತ್ರದ ಹೆಸರು ಸಿಲ್ಫಿಯಂ ಪರ್ಫೋಲಿಯೇಟಮ್. ಇದರ ಕಾಂಡಕ್ಕೆ ನಾಲ್ಕು ಮೂಲೆ. ಎದುರುಬದುರು ಎಲೆಗಳು ಬುಡದಲ್ಲಿ ಕೂಡಿಕೊಂಡು ಕಾಂಡದ ಸುತ್ತ ಥೇಟ್ ದೊನ್ನೆ ಆಗುತ್ತವೆ. ಮಳೆ ಬಂದರೆ ಅದರಲ್ಲಿ ನೀರು ನಿಲ್ಲುತ್ತದೆ. ಮನೆಯಲ್ಲಿ ನಾವೆಲ್ಲ ಅದನ್ನು ದೊನ್ನೆ ಗಿಡ ಅಂತಲೇ ಕರೆಯುತ್ತೇವೆ.

ಮೊದಲ ಸಲ ಮೇ ತಿಂಗಳಲ್ಲಿ ಬೀಜವನ್ನು ಸುಮ್ನೆ ಮಣ್ಣಿಗೆ ಹಾಕಿದೆ. ಒಂದೂ ಮೊಳೆಯಲಿಲ್ಲ. ಈ ಬೀಜಕ್ಕೆ ಚಳಿಗಾಲ ಕಳೆಯಬೇಕು. ಮುಂದಿನ ವರ್ಷ ಒದ್ದೆ ಮರಳಿನಲ್ಲಿ ಕಲಸಿ ಎರಡು ತಿಂಗಳು ಫ್ರಿಜ್‌ನಲ್ಲಿಟ್ಟೆ. ಆಮೇಲೆ ಚೆನ್ನಾಗಿ ಹುಟ್ಟಿತು. ಮೊದಲ ಬೇಸಿಗೆಯಲ್ಲಿ ನೆಲಕ್ಕಂಟಿದ ಎಲೆಗಳಷ್ಟೇ. ಆಗ ಅದರ ಕೆಲಸವೆಲ್ಲ ಬೇರಿನಲ್ಲಿ. ಮೂರನೇ ಬೇಸಿಗೆಗೆ ನನ್ನ ತಲೆ ಮೀರಿ ಬೆಳೆದು ಜುಲೈನಲ್ಲಿ ಹಳದಿ ಹೂ ಬಿಟ್ಟಿತು. ಮಳೆ ನಿಂತ ಬೆಳಿಗ್ಗೆ ಗೋಲ್ಡ್‌ಫಿಂಚ್ ಹಕ್ಕಿಗಳು ಆ ದೊನ್ನೆಯಲ್ಲಿ ನೀರು ಕುಡಿಯುವುದನ್ನು ನೋಡಿದ ದಿನ ನನಗೆ ಕಣ್ಣು ತುಂಬಿ ಬಂತು.

ಆಮೇಲೆ ಅದು ಹರಡತೊಡಗಿತು. ಹೂವಿನ ನಡುವಿನ ಭಾಗ ಬೀಜ ಕಟ್ಟುವುದಿಲ್ಲ, ಅಂಚಿನ ಎಸಳುಗಳ ಬುಡದಲ್ಲಿ ಮಾತ್ರ ಕಟ್ಟುತ್ತದೆ. ಅಷ್ಟೇ ಸಾಕು, ಐದನೇ ವರ್ಷಕ್ಕೆ ಹಿತ್ತಲ ತುಂಬ ಸಸಿಗಳು. ಎಳೆಯದಿದ್ದಾಗಲೇ ಕೀಳಬೇಕು. ಬಲಿತ ಮೇಲೆ ಬೇರು ತುಂಡಾಗಿ ಮತ್ತೆ ಚಿಗುರುತ್ತದೆ. ಈಗ ಹಕ್ಕಿಗಳಿಗೆ ಒಂದಷ್ಟು ಬಿಟ್ಟು ಮಿಕ್ಕ ಹೂಗಳನ್ನು ಒಣಗುವ ಮೊದಲೇ ಕತ್ತರಿಸುತ್ತೇನೆ.

ಹೋದ ವರ್ಷ ನ್ಯೂಯಾರ್ಕ್ ರಾಜ್ಯದಲ್ಲಿರುವ ಗೆಳತಿ ಬೀಜ ಕೇಳಿದಳು. ಲಕೋಟೆಗೆ ಹಾಕಿಯೂ ಆಗಿತ್ತು. ಅಂಟಿಸುವ ಮುಂಚೆ ಅಲ್ಲಿನ ನಿಯಮ ನೋಡೋಣ ಅನ್ನಿಸಿತು. ನೋಡಿದರೆ, ನ್ಯೂಯಾರ್ಕ್‌ನ ನಿಷೇಧಿತ ಗಿಡಗಳ ಪಟ್ಟಿಯಲ್ಲಿ ನನ್ನ ದೊನ್ನೆ ಗಿಡ! ಮಾರುವಂತಿಲ್ಲ, ಸಾಗಿಸುವಂತಿಲ್ಲ. ಇದರ ತವರು ಅಮೆರಿಕದ ನಡುಭಾಗ. ಈ ಕಡೆ ಜಾಸ್ತಿಯಾದರೆ ಹತೋಟಿಯಲ್ಲಿಡಲು ಜೊತೆಗೆ ಬೆಳೆದು ಬಂದ ಹುಲ್ಲು, ಹುಳು, ಹಕ್ಕಿಗಳಿವೆ. ಅಂದದ ಹೂವೆಂದು ತೋಟಗಳಿಗೆ ಒಯ್ದದ್ದು ಪೂರ್ವದಲ್ಲಿ ಬೇಲಿ ದಾಟಿತು. ಒದ್ದೆ ನೆಲದಲ್ಲಿ ಗುಂಪು ಕಟ್ಟಿ ಬೇರೆ ಗಿಡಗಳಿಗೆ ಜಾಗ ಬಿಡುವುದಿಲ್ಲ.

ಬೀಜ ಕಳಿಸಲಾರೆ ಅಂದಾಗ ಅವಳಿಗೆ ಬೇಸರವಾಯಿತು. 'ಬಂಡೀಪುರದಲ್ಲಿ ಲಂಟಾನ ನೋಡಿದ್ದೀಯಲ್ವಾ? ಅದೂ ಅಂದದ ಹೂವೆಂದೇ ಬಂದದ್ದು' ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದರೆ ಏನು ಹಾಕಲಿ?' ಅಂದಳು. ನ್ಯೂ ಇಂಗ್ಲೆಂಡ್ ಆಸ್ಟರ್ ಹಾಕು ಅಂದೆ. ಅದು ಅಲ್ಲಿಯದೂ ಹೌದು, ಇಲ್ಲಿಯದೂ ಹೌದು. ಆದರೂ ನನ್ನಿಂದ ಬೇಡ, ನಿಮ್ಮೂರ ನರ್ಸರಿಯಿಂದಲೇ ತಗೋ ಅಂತ ಹೇಳಿದೆ. ಸೆಪ್ಟೆಂಬರ್‌ನಲ್ಲಿ ನೇರಳೆ ಹೂವಿನ ಫೋಟೊ ಕಳಿಸಿದಳು, ಮೇಲೊಂದು ಜೇನುಹುಳು ಕೂತಿತ್ತು.