ಸ್ಟ್ರಾಬೆರಿ ತೋಟಕ್ಕೆ ಮನೆಮಂದಿಯೆಲ್ಲ: ನಾಲ್ಕನೇ ಸಲ ಕೈಗೂಡಿತು

ಶನಿವಾರ ತೋಟಕ್ಕೆ ಹೋಗಿ ನಾವೇ ಕಿತ್ತು ತಂದ ಸ್ಟ್ರಾಬೆರಿಯನ್ನು ಗುರುವಾರ ಸಂಜೆ ತಟ್ಟೆಗೆ ಹಾಕಿ ಭಾವನವರ ಮುಂದೆ ಇಟ್ಟೆ. ಒಂದನ್ನು ಎತ್ತಿ ಹೆಬ್ಬೆರಳಿಂದ ಒತ್ತಿ ನೋಡಿದರು. ಗಟ್ಟಿಯಾಗಿತ್ತು. "ನಿನ್ನೆ ಹೋಗಿದ್ರಾ?" ಅಂದರು. ದಿನ ಹೇಳಿದಾಗ ನಂಬಲಿಲ್ಲ, ಇನ್ನೊಂದು ಎತ್ತಿಕೊಂಡರು. ಮೂರು ವರ್ಷದಿಂದ "ಅಲ್ಲಿಗೆ ಹೋಗಿ ಸುಸ್ತಾಗಿ ಬರೋ ಬದಲು ಅಂಗಡಿಯಲ್ಲಿ ಎರಡು ಡಬ್ಬಿ ತಗೊಳ್ಳಮ್ಮ" ಅಂತಿದ್ದವರು ಅವರೇ. ಅವರ ಮಾತಲ್ಲಿ ತಪ್ಪೇನೂ ಇರಲಿಲ್ಲ. ಮೊದಲ ಮೂರು ಸಲ ನಾವು ತಂದ ಹಣ್ಣು ಎರಡು ದಿನಕ್ಕೆ ಕಸದ ಬುಟ್ಟಿ ಸೇರಿತ್ತು.

ಮೊದಲ ವರ್ಷದ ತಪ್ಪು ಹೊತ್ತಿನದು. ತಿಂಡಿ ಮುಗಿಸಿ, ಮಕ್ಕಳನ್ನು ಹೊರಡಿಸಿ, ತೋಟ ತಲುಪುವಾಗ ಹನ್ನೆರಡಾಗಿತ್ತು. ಬಿಸಿಲಲ್ಲಿ ಕಾದ ಹಣ್ಣು ಕೈಗೇ ಬೆಚ್ಚಗೆ ಹತ್ತುತ್ತಿತ್ತು. ಅದನ್ನು ಆಳವಾದ ಸ್ಟೀಲ್ ಡಬ್ಬಿಗೆ ಕಂಠಮಟ್ಟ ತುಂಬಿಸಿದೆವು. ಮನೆಗೆ ಬಂದು ನೋಡಿದರೆ ತಳದಲ್ಲಿ ಎರಡು ಬೆರಳು ರಸ. ಅದಕ್ಕಿಂತ ಜಾಸ್ತಿ ಹೊಟ್ಟೆ ಉರಿಸಿದ್ದು ಇನ್ನೊಂದು: ಒಳಗೆ ಹೋಗುವಾಗ ಖಾಲಿ ಡಬ್ಬಿ ತೂಗಿಸಿಕೊಳ್ಳುವುದು ಮರೆತಿದ್ದೆ. ಡಬ್ಬಿಯ ತೂಕಕ್ಕೂ ಹಣ್ಣಿನ ದರ ಕೊಟ್ಟು ಬಂದೆವು. ತಲೆಗಿಷ್ಟು ಅಂತ ಪ್ರವೇಶ, ಗಾಡಿಯ ಪೆಟ್ರೋಲ್, ಹೊರಗಿನ ಊಟ ಎಲ್ಲ ಕೂಡಿಸಿದರೆ, ಅದೇ ದುಡ್ಡಿಗೆ ಅಂಗಡಿಯಲ್ಲಿ ಮೂರು ಪಟ್ಟು ಹಣ್ಣು ಬರುತ್ತಿತ್ತು. ಅರ್ಧ ಎಸೆದದ್ದು ಸೇರಿಸಿದರೆ ಆರು ಪಟ್ಟು.

ಎರಡನೇ ವರ್ಷ ಬೆಳಿಗ್ಗೆಯೇ ಹೋದೆವು, ಆದರೆ ಫೋನ್ ಮಾಡಿ ಕೇಳಲಿಲ್ಲ. ಹಿಂದಿನ ದಿನವೇ ಜನ ಬಂದು ಕಿತ್ತುಕೊಂಡು ಹೋಗಿದ್ದರು. ಉಳಿದಿದ್ದು ತೊಟ್ಟಿನ ಹತ್ತಿರ ಬೆಳ್ಳಗಿದ್ದ ಹಣ್ಣು. ಮನೆಯಲ್ಲಿಟ್ಟರೆ ಮಾಗುತ್ತೆ ಅಂತ ಅತ್ತೆ ಅಂದರು, ನಾನೂ ಹೂಂ ಅಂದೆ. ಬಾಳೆಗೆ ಅದು ಸರಿ, ಸ್ಟ್ರಾಬೆರಿಗೆ ಅಲ್ಲ. ಗಿಡದಿಂದ ಬಿಡಿಸಿದ ಮೇಲೆ ಬಣ್ಣ ಸ್ವಲ್ಪ ಏರುತ್ತೆ, ಸಿಹಿ ಏರೋದಿಲ್ಲ. ಎರಡು ದಿನ ಬಿಟ್ಟು ಕೆಂಪಗೆ ಕಂಡ ಹಣ್ಣನ್ನು ಚಿಕ್ಕವನು ಕಚ್ಚಿ ಉಗಿದ.

ಮೂರನೇ ವರ್ಷದ್ದು ನಿಜಕ್ಕೂ ನೋವಾದ ಸೋಲು, ಯಾಕಂದರೆ ಉಳಿದದ್ದೆಲ್ಲ ಸರಿ ಮಾಡಿದ್ದೆ. ಹೊತ್ತು ಸರಿ, ಹಣ್ಣು ಸರಿ, ಐಸ್ ಬಾಕ್ಸೂ ಇತ್ತು. ಮನೆಗೆ ಬಂದವಳೇ ಅಷ್ಟನ್ನೂ ತೊಳೆದು, ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ ಫ್ರಿಜ್ಜಲ್ಲಿಟ್ಟೆ. ಮೂರನೇ ಬೆಳಿಗ್ಗೆ ಮುಚ್ಚಳ ತೆಗೆದರೆ ಬೂದು ಬಣ್ಣದ ಬೂಷ್ಟು, ನಯವಾದ ತುಪ್ಪಳದ ಹಾಗೆ. ಒಂದು ಹಣ್ಣಿನಿಂದ ಪಕ್ಕದ್ದಕ್ಕೆ, ಅಲ್ಲಿಂದ ಮುಂದಿನದಕ್ಕೆ ಹಬ್ಬಿತ್ತು. ಸುಮಾರು ಮೂರು ಕೆಜಿ. ಅವತ್ತು ನಮ್ಮವರು ಏನೂ ಅನ್ನಲಿಲ್ಲ, ಸುಮ್ನೆ ಡಬ್ಬಿ ತೆಗೆದುಕೊಂಡು ಹೋಗಿ ಗಿಡಕ್ಕೆ ಸುರಿದು ಬಂದರು.

ಈ ಸಲ ಹೀಗೆ ಮಾಡಿದೆ. ಮೂರು ದಿನ ಮುಂಚೆ ಒಂದು ಫೋನ್, ಹಿಂದಿನ ಸಂಜೆ ಇನ್ನೊಂದು. ಕೇಳಿದ್ದು ಎರಡೇ: ಕೊನೆಗೆ ಕೊಯ್ಲಾದದ್ದು ಯಾವತ್ತು, ಕೊನೆಗೆ ಔಷಧಿ ಹೊಡೆದದ್ದು ಯಾವತ್ತು. ಮಕ್ಕಳು ಸಾಲಲ್ಲೇ ನಿಂತು ಬಾಯಿಗೆ ಹಾಕಿಕೊಳ್ಳುತ್ತಾರೆ, ಸಿಪ್ಪೆ ಸುಲಿಯುವ ಹಣ್ಣಲ್ಲ ಇದು. ಎರಡನೇ ಪ್ರಶ್ನೆಗೆ ನೇರ ಉತ್ತರ ಬರದಿದ್ದರೆ ನಾನು ಆ ತೋಟಕ್ಕೆ ಹೋಗೋದಿಲ್ಲ. ಮಳೆ ಬಂದ ಮರುದಿನವೂ ಹೋಗೋದಿಲ್ಲ.

ಬಾಗಿಲು ತೆರೆಯುವ ಹೊತ್ತಿಗೆ ನಾವು ಅಲ್ಲಿದ್ದೆವು. ಎಲೆ ಮೇಲಿನ ಇಬ್ಬನಿ ಆರುವ ತನಕ ಹದಿನೈದು ನಿಮಿಷ ಮಕ್ಕಳಿಗೆ ಸಾಲು ತೋರಿಸುತ್ತಾ ಕಾದೆ. ಒದ್ದೆ ಹಣ್ಣು ಕಿತ್ತರೆ ಬೂಷ್ಟನ್ನೂ ಜೊತೆಗೆ ಕರೆತಂದ ಹಾಗೆ. ತಟ್ಟೆಯಂಥ ಅಗಲ ಡಬ್ಬಿ ಆರು ಒಯ್ದಿದ್ದೆ, ತಳಕ್ಕೆ ಒಣ ಹತ್ತಿ ಬಟ್ಟೆ. ಎರಡು ಪದರಕ್ಕಿಂತ ಜಾಸ್ತಿ ಇಲ್ಲ. ಖಾಲಿ ಡಬ್ಬಿಗಳನ್ನು ಮೊದಲೇ ತೂಗಿಸಿ, ಮುಚ್ಚಳದ ಮೇಲೆ ತೂಕ ಬರೆಸಿಕೊಂಡೆ.

ಮಕ್ಕಳ ವಿಷಯದಲ್ಲೇ ಜನರಿಗೆ ಅನುಮಾನ. ಐದು ವರ್ಷದವನ ಕೈಲಿ ಹಣ್ಣು ಕೀಳಿಸಿದರೆ ಕಾಯಿ, ಹೂವು, ಗಿಡ ಎಲ್ಲ ಬುಟ್ಟಿಗೆ ಬೀಳುತ್ತೆ ಅಂತ. ನಾನು ಅವನಿಗೆ ಹೇಳಿದ್ದು ಒಂದೇ ಮಾತು: "ಬೆನ್ನು ನೋಡು ಕಂದಾ." ಹಣ್ಣಿನ ಮುಖ ಬಿಸಿಲಿಗೆ ಕೆಂಪಾಗಿರುತ್ತೆ, ನೆಲದ ಕಡೆಯ ಬೆನ್ನು ಬೆಳ್ಳಗೇ ಇರಬಹುದು. ಎರಡು ಬೆರಳಲ್ಲಿ ಹಗುರ ತಿರುಗಿಸಿ, ಬೆನ್ನೂ ತೊಟ್ಟಿನ ಕೆಳಗಿನ ಹೆಗಲೂ ಕೆಂಪಿದ್ದರೆ ಮಾತ್ರ ಕೀಳಬೇಕು. ಕೀಳುವಾಗ ಹಣ್ಣು ಹಿಡಿದು ಎಳೆಯೋದಲ್ಲ. ತೊಟ್ಟನ್ನು ಉಗುರಲ್ಲಿ ಚಿವುಟಬೇಕು, ಹಸಿರು ಟೋಪಿ ಹಣ್ಣಿನ ಮೇಲೇ ಉಳಿಯಬೇಕು. ಟೋಪಿ ಕಿತ್ತು ಬಂದ ಹಣ್ಣು ಅವತ್ತೇ ತಿನ್ನುವ ಡಬ್ಬಿಗೆ. ಹತ್ತು ಹಣ್ಣಿನ ನಂತರ ಅವನು ತಪ್ಪಲಿಲ್ಲ. ದೊಡ್ಡವಳೇ ಅವಸರದಲ್ಲಿ ನಾಲ್ಕೈದು ಟೋಪಿ ಕಿತ್ತಳು.

ಅತ್ತೆಗೆ ಮಂಡಿನೋವು, ಬಗ್ಗೋಕಾಗಲ್ಲ. ಹಿಂದೆಲ್ಲ ಗಾಡಿಯಲ್ಲೇ ಕೂರುತ್ತಿದ್ದರು. ಈ ಸಲ ಮಡಚುವ ಸ್ಟೂಲ್ ಒಯ್ದು ಸಾಲಿನ ತುದಿಯ ನೆರಳಲ್ಲಿ ಕೂರಿಸಿದೆ. ವಿಂಗಡಿಸುವ ಕೆಲಸ ಪೂರ್ತಿ ಅವರದು: ಗಾಯವಾದದ್ದು ಒಂದು ಕಡೆ, ಪೂರ್ತಿ ಮಾಗಿದ್ದು ಇನ್ನೊಂದು ಕಡೆ, ಗಟ್ಟಿಯದು ಐಸ್ ಬಾಕ್ಸಿಗೆ. ನಾನು ಮನೆಗೆ ಬಂದು ಮಾಡುತ್ತಿದ್ದ ಕೆಲಸವನ್ನು ಅವರು ಅಲ್ಲೇ, ನನಗಿಂತ ಚೆನ್ನಾಗಿ ಮುಗಿಸಿದರು. ಹಣ್ಣು ಉಳಿದದ್ದಕ್ಕೆ ಅರ್ಧ ಕಾರಣ ಅದೇ ಅಂತ ನನಗನಿಸುತ್ತೆ. ಕಿತ್ತ ಅರ್ಧ ಗಂಟೆಯೊಳಗೆ ಹಣ್ಣು ತಂಪಿಗೆ ಸೇರಿತ್ತು, ಒಂದು ಕೆಟ್ಟ ಹಣ್ಣೂ ಜೊತೆಗೆ ಹೋಗಿರಲಿಲ್ಲ. ಐಸಿನ ಚೀಲ ಹಣ್ಣಿಗೆ ನೇರ ತಾಗಬಾರದು, ಮಧ್ಯೆ ದಪ್ಪ ಟವೆಲ್ ಹಾಕಿದ್ದೆ.

ಯಾವ ಸಾಲಲ್ಲಿ ಸಿಹಿ ಜಾಸ್ತಿ ಅಂತ ಕಂಡುಹಿಡಿಯುವ ಒಂದು ಗುರುತು ನನಗಿದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ದೊಡ್ಡ ಹಣ್ಣಿನ ಹಿಂದೆ ಓಡಬೇಡಿ, ಅಷ್ಟು ಹೇಳಬಲ್ಲೆ.

ದಾರಿಯಲ್ಲಿ ಮಕ್ಕಳಿಗೆ ಫ್ರೆಜಿಯೆ ಕಥೆ ಹೇಳಿದ್ದೆ. ಫ್ರಾನ್ಸಿನ ಸೈನ್ಯದ ಎಂಜಿನಿಯರ್. ಚಿಲಿಯಲ್ಲಿ ಸ್ಪೇನಿನವರ ಕೋಟೆಗಳ ಗುಟ್ಟು ತಿಳಿಯಲು ಹೋದವನು, 1714ರಲ್ಲಿ ವಾಪಸ್ ಬರುವಾಗ ದೊಡ್ಡ ಹಣ್ಣಿನ ಸ್ಟ್ರಾಬೆರಿ ಗಿಡಗಳನ್ನೂ ತಂದ. ಫ್ರಾನ್ಸಿಗೆ ಬಂದ ಮೇಲೆ ಅವು ಹಣ್ಣು ಬಿಡಲಿಲ್ಲ, ಯಾಕಂದರೆ ಎಲ್ಲವೂ ಹೆಣ್ಣು ಗಿಡ. ಉತ್ತರ ಅಮೆರಿಕದ ಸ್ಟ್ರಾಬೆರಿಯ ಪರಾಗ ಸಿಕ್ಕ ಮೇಲೆ ಕಾಯಿ ಕಟ್ಟಿದವು. ಇವತ್ತು ನಾವು ತಿನ್ನೋದು ಆ ಎರಡರ ಮಕ್ಕಳನ್ನೇ. ಗೂಢಚಾರ ಅಂದ ಕೂಡಲೇ ಹಿಂದಿನ ಸೀಟಿನ ಜಗಳ ನಿಂತಿತು. ತೋಟದಲ್ಲಿ ದೊಡ್ಡವಳು ಒಂದು ಸೊಟ್ಟ ಹಣ್ಣು ತಂದು ತೋರಿಸಿದಳು. ಒಂದು ಮಗ್ಗುಲು ಉಬ್ಬಿತ್ತು, ಇನ್ನೊಂದು ಮಗ್ಗುಲು ಚಪ್ಪಟೆ, ಅಲ್ಲಿ ಬೀಜಗಳೆಲ್ಲ ಪುಟ್ಟದಾಗಿ ಒತ್ತೊತ್ತಾಗಿದ್ದವು. "ಇಲ್ಲಿಗೆ ಪರಾಗ ಬಂದಿಲ್ಲ, ಅಲ್ವಾ ಅಮ್ಮ?" ಅಂದಳು. ಜೇನು ಸರಿಯಾಗಿ ಮುಟ್ಟದ ಕಡೆ ಬೀಜ ಕಟ್ಟೋದಿಲ್ಲ, ಬೀಜ ಕಟ್ಟದ ಕಡೆ ತಿರುಳು ಉಬ್ಬೋದಿಲ್ಲ. ಅವಳಾಗಿಯೇ ಹೇಳಿದ್ದು ಕೇಳಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಮನೆಯಲ್ಲಿ ಸೂಜಿ ಹಿಡಿದು ಒಂದು ಹಣ್ಣಿನ ಬೀಜ ಎಣಿಸಿದಳು, 180ರ ಹತ್ತಿರ ಬಂತು.

ಈ ಸಲ ತಂದದ್ದು ನಾಲ್ಕೂವರೆ ಕೆಜಿ ಇರಬೇಕು. ತೊಳೆಯದೆ ಫ್ರಿಜ್ಜಿಗೆ, ಮುಚ್ಚಳ ಸ್ವಲ್ಪ ಸಡಿಲ, ಬಟ್ಟೆ ದಿನಕ್ಕೊಮ್ಮೆ ಬದಲು. ತಿನ್ನುವ ಮುಂಚೆ ಮಾತ್ರ ತೊಳೆಯೋದು. ಇದರ ಮಧ್ಯೆ ಪರೀಕ್ಷೆಗೆ ಅಂತ ಎರಡು ಬಟ್ಟಲು ಬೇರೆ ಇಟ್ಟಿದ್ದೆ. ಒಂದನ್ನು ವಿನೆಗರ್ ನೀರಲ್ಲಿ ಅದ್ದಿ ತೊಳೆದು ಒಣಗಿಸಿದೆ, ಒಂದು ಪಾಲು ವಿನೆಗರಿಗೆ ಮೂರು ಪಾಲು ನೀರು. ಇನ್ನೊಂದನ್ನು 52 ಡಿಗ್ರಿ ಬಿಸಿನೀರಲ್ಲಿ ಮೂವತ್ತು ಸೆಕೆಂಡ್ ಅದ್ದಿ ಆರಿಸಿದೆ. ಬಿಸಿನೀರಿನದು ಆರನೇ ದಿನಕ್ಕೂ ಬೂಷ್ಟು ಹಿಡಿಯಲಿಲ್ಲ, ಆದರೆ ಮೈಯ ಹೊಳಪು ಹೋಯಿತು. ವಿನೆಗರಿನದು ತೊಳೆಯದ್ದಕ್ಕಿಂತ ಒಂದು ದಿನ ಜಾಸ್ತಿ ಬಂದಿರಬಹುದು. ಸರಿಯಾಗಿ ಒಣಗಿಸುವ ತಾಳ್ಮೆ ಇಲ್ಲದವರಿಗೆ ಎರಡೂ ಬೇಡ.

ಪೂರ್ತಿ ಮಾಗಿದ್ದನ್ನು ಟೋಪಿ ತೆಗೆದು, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರಿಗೆ. ಕಲ್ಲಾದ ಮೇಲೆ ಚೀಲಕ್ಕೆ. ಗಾಯವಾದದ್ದು ಅವತ್ತೇ ರಾತ್ರಿ ಜಾಮ್ ಆಯಿತು. ಸಕ್ಕರೆ ಹಣ್ಣಿನ ಮುಕ್ಕಾಲು ತೂಕ, ಒಂದು ನಿಂಬೆ. ಜಾಮನ್ನು ಗಟ್ಟಿ ಮಾಡುವ ಪೆಕ್ಟಿನ್ ಅನ್ನೋ ಅಂಶ ಸ್ಟ್ರಾಬೆರಿಯಲ್ಲಿ ಕಡಿಮೆ, ನಿಂಬೆ ಇಲ್ಲದೆ ಅದು ಸರಿಯಾಗಿ ಹಿಡಿಯೋದಿಲ್ಲ. ಮೊದಲ ವರ್ಷ ನಿಂಬೆ ಬಿಟ್ಟು ಕಾಯಿಸಿ ಕಾಯಿಸಿ ಕಂದು ಪಾಕ ಮಾಡಿದ್ದೆ.

ದುಡ್ಡಿನ ಲೆಕ್ಕ ಹೇಳಬೇಕು. ಊಟ ಮನೆಯಿಂದಲೇ ಒಯ್ದೆವು. ಡಬ್ಬಿಯ ತೂಕ ಕಳೆಯಿಸಿದೆವು. ಎಸೆದದ್ದು ಒಂದು ಹಿಡಿ. ಎಲ್ಲ ಕೂಡಿಸಿದರೆ ಅಂಗಡಿಯ ಹಣ್ಣಿನ ಒಂದೂಕಾಲು ಪಟ್ಟು ಬಿತ್ತು. ಆರು ಪಟ್ಟಿನಿಂದ ಇಲ್ಲಿಗೆ ಬಂದಿದ್ದೇನೆ, ನನಗೆ ಹೆಮ್ಮೆ ಇದೆ. ಐಸ್ ಬಾಕ್ಸಿನ ಖರ್ಚು ಇದರಲ್ಲಿ ಹಿಡಿದಿಲ್ಲ, ಅದು ಮೂರನೇ ವರ್ಷದ್ದು.

ತೋಟದವರು ಹೊರಡುವಾಗ ಮಕ್ಕಳಿಗೆ ಎರಡು ಹಂಬು ಕತ್ತರಿಸಿ ಕೊಟ್ಟರು, ತುದಿಯಲ್ಲಿ ಪುಟ್ಟ ಗಿಡ ಇದ್ದದ್ದು. ಎರಡು ಕುಂಡದಲ್ಲಿ ನೆಟ್ಟೆವು. ಚಿಕ್ಕವನು ತನ್ನದನ್ನು ಬುಡದ ಸುಳಿ ಮುಚ್ಚುವ ಹಾಗೆ ಆಳಕ್ಕೆ ಹೂತಿದ್ದ, ಅದು ಕೊಳೆತುಹೋಯಿತು. ದೊಡ್ಡವಳದ್ದರಲ್ಲಿ ಮೊನ್ನೆ ಹೂ ಬಂತು. ಕಿಟಕಿಯ ಹತ್ತಿರ ಜೇನು ಬರೋದಿಲ್ಲ ಅಂತ ಅವಳು ಬಣ್ಣದ ಕುಂಚ ತೊಳೆದು ಒಣಗಿಸಿ ಇಟ್ಟುಕೊಂಡು, ದಿನಾ ಬೆಳಿಗ್ಗೆ ತಮ್ಮನ ಕೈಲಿ ಹೂವಿನ ನಡುವೆ ಒಂದು ಸುತ್ತು ಹಾಕಿಸುತ್ತಿದ್ದಾಳೆ.